ಪ್ರೀತಿ ಇದೆ ಅಂದರೆ ಬಟ್ಟಲು ತೂಗಿ ನೋಡಿ

ನಮಸ್ಕಾರ. ನಿಮ್ಮ ನಾಯಿಯೋ ಬೆಕ್ಕೋ ಈಗ ಪಕ್ಕದಲ್ಲೇ ಮಲಗಿದ್ದರೆ ಒಂದು ಕೆಲಸ ಮಾಡಿ. ಅದರ ಪಕ್ಕೆಗಳ ಮೇಲೆ ಎರಡೂ ಕೈ ಇಡಿ. ಒತ್ತಬೇಡಿ, ಸುಮ್ನೆ ಸವರಿ. ಮೂಳೆ ಬೆರಳಿಗೆ ಸಿಗುತ್ತಿದೆಯಾ?

ಈಗ ನಿಮ್ಮ ಕೈಯನ್ನೇ ಮುಟ್ಟಿ ನೋಡಿಕೊಳ್ಳಿ. ಮುಷ್ಟಿ ಹಿಡಿದಾಗ ಗೆಣ್ಣುಗಳು ಎದ್ದು ಕಾಣುತ್ತವಲ್ಲ, ಪಕ್ಕೆ ಹಾಗಿದ್ದರೆ ಪ್ರಾಣಿ ಬಡಕಲಾಗಿದೆ. ಕೈ ಬಿಚ್ಚಿ ಅಂಗೈಯ ಹಿಂಬದಿ ಸವರಿದಾಗ ತೆಳುವಾದ ಚರ್ಮದಡಿ ಮೂಳೆ ಸಿಗುತ್ತದಲ್ಲ, ಪಕ್ಕೆ ಹಾಗಿರಬೇಕು. ಅಂಗೈಯ ಮೆತ್ತೆಯ ಹಾಗೆ ಇದ್ದರೆ, ಒತ್ತಿ ಹುಡುಕಬೇಕಾಗಿ ಬಂದರೆ, ತೂಕ ಜಾಸ್ತಿಯಾಗಿದೆ. ಆಮೇಲೆ ಅದು ನಿಂತಾಗ ಮೇಲಿನಿಂದ ನೋಡಿ. ಪಕ್ಕೆ ಮುಗಿದ ಮೇಲೆ ಸೊಂಟ ಸ್ವಲ್ಪ ಒಳಗೆ ಹೋಗಿರಬೇಕು. ಡಾಕ್ಟರುಗಳು 1ರಿಂದ 9ರವರೆಗೆ ಅಂಕ ಕೊಡುವಾಗ ನೋಡುವುದೂ ಇದನ್ನೇ. 5ರ ಆಸುಪಾಸಿನಲ್ಲಿದ್ದರೆ ಸರಿ.

ನಮ್ಮ ಮನೆಯ ಲ್ಯಾಬ್ರಡಾರ್‌ಗೆ 8 ಬಂದಿತ್ತು. ತೂಕ 38 ಕಿಲೋ. ಇರಬೇಕಾದದ್ದು 30. ಬಂದವರೆಲ್ಲ "ಎಷ್ಟು ಗುಂಡಗೆ, ಮುದ್ದಾಗಿದೆ" ಅನ್ನುತ್ತಿದ್ದರು. ನಮಗೂ ಖುಷಿಯಾಗುತ್ತಿತ್ತು. ಆದರೆ ಬಾಗಿಲ ಮುಂದಿನ ಮೂರೇ ಮೂರು ಮೆಟ್ಟಿಲು ಹತ್ತುವ ಮೊದಲು ಅವನು ನಿಂತು, ಒಮ್ಮೆ ನಮ್ಮ ಮುಖ ನೋಡಿ, ಆಮೇಲೆ ಹತ್ತುತ್ತಿದ್ದ. ಅವನಿಗೆ ಆಗ ಬರೀ ಆರು ವರ್ಷ. ಸೋಮಾರಿ ಅಂದುಕೊಂಡಿದ್ದೆವು. ಸೋಮಾರಿತನ ಅಲ್ಲ, ಕೀಲು ನೋವು. ಆ ಮುಖ ಈಗಲೂ ನನಗೆ ನೆನಪಾಗುತ್ತದೆ.

ವಾಕಿಂಗ್ ಜಾಸ್ತಿ ಮಾಡಿಸಿ ಅಂತ ಎಲ್ಲರೂ ಹೇಳಿದರು. ಮಾಡಿಸಿದೆವು. ಎರಡು ತಿಂಗಳಾದರೂ ಮುಳ್ಳು ಅಲ್ಲಾಡಲಿಲ್ಲ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ತೂಕ ಏರುವುದು ಬಟ್ಟಲಿನಲ್ಲಿ, ಇಳಿಯುವುದೂ ಬಟ್ಟಲಿನಲ್ಲಿ. ಓಡಾಟ ಬೇಕು, ಸ್ನಾಯು ಉಳಿಯುವುದಕ್ಕೆ, ಮನಸ್ಸು ಚುರುಕಾಗಿರುವುದಕ್ಕೆ. ಆದರೆ ಅರ್ಧ ಗಂಟೆ ನಡೆದದ್ದನ್ನು ಎರಡು ಬಿಸ್ಕತ್ತು ವಾಪಸ್ ತಂದುಬಿಡುತ್ತದೆ. ನೋಯುವ ಕಾಲನ್ನು ಇನ್ನಷ್ಟು ಓಡಿಸುವುದು ಅನ್ಯಾಯ ಕೂಡ.

ಮತ್ತೆ ಡಾಕ್ಟರ್ ಹತ್ತಿರ ಹೋದೆವು. ಮೊದಲು ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಕಡಿಮೆಯಾದರೂ ನಾಯಿ ದಪ್ಪಗಾಗುತ್ತದೆ, ಹಾಗಾಗಿ ಇದನ್ನು ಬಿಡಬೇಡಿ. ನಮ್ಮವನಿಗೆ ಅಂಥದ್ದೇನೂ ಇರಲಿಲ್ಲ. ಆಮೇಲೆ ಅವರು ಕೇಳಿದ್ದು, "ದಿನಕ್ಕೆ ಎಷ್ಟು ಗ್ರಾಂ ಹಾಕುತ್ತೀರಿ?" ನಾನು "ಒಂದೊಂದು ಹೊತ್ತಿಗೆ ಒಂದೊಂದು ಮಗ್" ಅಂದೆ. "ಮಗ್ ಬೇಡ, ಗ್ರಾಂ ಹೇಳಿ" ಅಂದರು.

ಮನೆಗೆ ಬಂದು ಅಡುಗೆಮನೆಯ ತಕ್ಕಡಿ ತೆಗೆದೆ. ಅದೇ ಮಗ್, ಅದೇ ಫುಡ್. ನಾನು ತುಂಬಿದಾಗ 118 ಗ್ರಾಂ. ಅಕ್ಕ ತುಂಬಿದಾಗ 131. ಅಪ್ಪ ತುಂಬಿದಾಗ 146, ಮೇಲೆ ಗೋಪುರ ಮಾಡಿ. ಮೂವರಿಗೂ ಅದು "ಒಂದು ಮಗ್". ಆವತ್ತು ರಾತ್ರಿ ಕೂತು ದಿನವಿಡೀ ಅವನ ಬಾಯಿಗೆ ಏನೇನು ಹೋಗುತ್ತದೆ ಅಂತ ಬರೆದೆವು. ಬೆಳಿಗ್ಗೆ ಅಪ್ಪನ ಕೈಯಿಂದ ಎರಡು ಬಿಸ್ಕತ್ತು. ಮಗಳು ಶಾಲೆಯಿಂದ ಬಂದ ಖುಷಿಗೆ ಒಂದು. ಮಾತ್ರೆ ನುಂಗಿಸಲು ಚೀಸ್. ತಟ್ಟೆಯಲ್ಲಿ ಉಳಿದದ್ದು. ಯಾರೂ ಜಾಸ್ತಿ ಕೊಟ್ಟಿರಲಿಲ್ಲ. ಎಲ್ಲರೂ ಸ್ವಲ್ಪ ಸ್ವಲ್ಪ ಕೊಟ್ಟಿದ್ದರು, ಅಷ್ಟೇ.

30 ಕಿಲೋಗೆ ಇಳಿಯಬೇಕಾದ ನಾಯಿಗೆ ದಿನಕ್ಕೆ ಸುಮಾರು 900 ಕ್ಯಾಲೊರಿಯಿಂದ ಶುರು ಮಾಡೋಣ ಅಂದರು ಡಾಕ್ಟರ್. ಅದರಲ್ಲಿ ತಿಂಡಿಯ ಪಾಲು ಹತ್ತನೇ ಒಂದು ಭಾಗ ದಾಟಬಾರದು, ಅಂದರೆ 90. ಯಾವುದರಲ್ಲಿ ಎಷ್ಟು ಕ್ಯಾಲೊರಿ ಅಂತ ಪ್ಯಾಕೆಟ್ಟಿನ ಹಿಂದೆ ಬರೆದಿರುತ್ತದೆ, ಓದಿ ನೋಡಿ. ಇನ್ನೊಂದು ಮಾತು. ಮಾಮೂಲಿ ಫುಡ್ಡನ್ನೇ ಅರ್ಧಕ್ಕೆ ಇಳಿಸಬೇಡಿ. ಕ್ಯಾಲೊರಿ ಜೊತೆ ಪ್ರೋಟೀನು, ವಿಟಮಿನ್ನು ಕೂಡ ಅರ್ಧವಾಗುತ್ತದೆ. ತೂಕ ಇಳಿಸಲೆಂದೇ ಮಾಡಿದ ಫುಡ್ಡಿನಲ್ಲಿ ಇವು ಕೊರತೆಯಾಗದ ಹಾಗೆ ಇರುತ್ತವೆ.

ನಮ್ಮನ್ನು ಉಳಿಸಿದ್ದು ಒಂದು ಡಬ್ಬಿ. ಬೆಳಿಗ್ಗೆ ಒಬ್ಬರು ಆ ಕ್ಯಾಲೊರಿ ಲೆಕ್ಕದ 280 ಗ್ರಾಂ ಫುಡ್ ತೂಗಿ ಅದರಲ್ಲಿ ಹಾಕಿಡುತ್ತಿದ್ದೆವು. ಇಡೀ ದಿನ ಯಾರು ಏನು ಕೊಡುವುದಿದ್ದರೂ ಅದರಿಂದಲೇ. ಅಪ್ಪ ಬಿಸ್ಕತ್ತಿನ ಬದಲು ಆ ಡಬ್ಬಿಯ ಕಾಳು ನಾಲ್ಕು ತೆಗೆದು ಒಂದೊಂದಾಗಿ ಕೊಡತೊಡಗಿದರು. ನಾಯಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಅವನಿಗೆ ಬೇಕಾಗಿದ್ದದ್ದು ಅಪ್ಪನ ಕೈ.

"ಪಾಪ, ಹಸಿವು, ಹೇಗೆ ನೋಡುತ್ತೆ ನೋಡಿ" ಅನ್ನುವವರಿಗೆ ಒಂದು ವಿಷಯ. ಅದು ನಾಟಕ ಅಲ್ಲ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದ ಪ್ರಕಾರ ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕಕ್ಕೆ ಒಂದರಲ್ಲಿ ಪಿಒಎಂಸಿ ಅನ್ನುವ ಜೀನಿನ ಒಂದು ತುಂಡೇ ಇಲ್ಲ. ಅಂಥವುಗಳಿಗೆ ಊಟದ ಆಸೆ ಜಾಸ್ತಿ. ಹಸಿವು ನಿಜ. ಆದರೆ ಹಸಿವು ನಿಜ ಅಂತ ತುಂಬಿಸುತ್ತಾ ಹೋದರೆ ಏನಾಗುತ್ತದೆ ಅನ್ನುವುದೂ ಗೊತ್ತಿದೆ. 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಊಟ ಕೊಟ್ಟು, ಬದುಕಿರುವವರೆಗೂ ಗಮನಿಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಕಡಿಮೆ ತಿಂದವು ಹೆಚ್ಚುಕಡಿಮೆ ಎರಡು ವರ್ಷ ಜಾಸ್ತಿ ಬದುಕಿದವು. ಕೀಲುನೋವೂ ಅವಕ್ಕೆ ತಡವಾಗಿ ಬಂತು. ನಾಯಿಯ ಆಯಸ್ಸಿನಲ್ಲಿ ಎರಡು ವರ್ಷ ಅಂದರೆ ಎಷ್ಟು ಅಂತ ನಾಯಿ ಕಳೆದುಕೊಂಡವರನ್ನು ಕೇಳಿ.

ಬೆಕ್ಕು ಸಾಕಿದವರು ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಬೆಕ್ಕಿಗೆ ಉಪವಾಸ ಹಾಕಲೇಬಾರದು. "ಹಸಿವಾದರೆ ತಾನೇ ತಿನ್ನುತ್ತೆ" ಅನ್ನುವ ಹಠ ಬೆಕ್ಕಿನ ಹತ್ತಿರ ಬೇಡ. ದಪ್ಪ ಬೆಕ್ಕು ಎರಡು ಮೂರು ದಿನ ಊಟ ಬಿಟ್ಟರೆ ಮೈಯ ಕೊಬ್ಬೆಲ್ಲ ಲಿವರಿಗೆ ನುಗ್ಗಿ, ಲಿವರ್ ಕೆಟ್ಟು ಜೀವಕ್ಕೇ ಅಪಾಯ ಆಗಬಹುದು. ಹೊಸ ಫುಡ್ ಹಿಡಿಸದೆ ಒಂದು ದಿನ ಪೂರ್ತಿ ಮೂತಿ ತಿರುಗಿಸಿದರೂ ಡಾಕ್ಟರಿಗೆ ಫೋನ್ ಮಾಡಿ. ಹಳೆಯದರ ಜೊತೆ ಹೊಸದನ್ನು ದಿನಾ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಬದಲಾಯಿಸಿ. ಬಟ್ಟಲು ತುಂಬಿಟ್ಟು ಬೇಕಾದಾಗ ತಿನ್ನಲು ಬಿಡುವ ಅಭ್ಯಾಸ ನಿಲ್ಲಿಸಿ. ಮರಿ ಆಗದಂತೆ ಆಪರೇಷನ್ ಮಾಡಿಸಿದ ಬೆಕ್ಕಿಗೆ ಕ್ಯಾಲೊರಿ ಕಡಿಮೆ ಸಾಕು, ಹಸಿವು ಮಾತ್ರ ಏರುತ್ತದೆ. ಒಂದೇ ಊಟವನ್ನು ನಾಲ್ಕೈದು ಸಲ ಹಂಚಿ ಕೊಡಿ. ಚೂರು ಚೂರು ಬಚ್ಚಿಟ್ಟು ಹುಡುಕಲು ಬಿಟ್ಟರೆ ಇನ್ನೂ ಒಳ್ಳೆಯದು.

ಬೆಕ್ಕಿನ ತೂಕದಲ್ಲಿ 1 ಕಿಲೋ ಅನ್ನುವುದು ಚಿಕ್ಕದಲ್ಲ. 4 ಕಿಲೋ ಇರಬೇಕಾದ್ದು 5 ಆಯಿತು ಅಂದರೆ ಕಾಲುಭಾಗ ಹೆಚ್ಚಾಯಿತು. ನೀವೇ ಲೆಕ್ಕ ಹಾಕಿ, 60 ಕಿಲೋ ಇರಬೇಕಾದ ಮನುಷ್ಯ 75 ಆದ ಹಾಗೆ.

ಆತುರ ಬೇಡ. ನಾಯಿ ವಾರಕ್ಕೆ ತನ್ನ ತೂಕದ ನೂರಕ್ಕೆ ಒಂದರಿಂದ ಎರಡು ಭಾಗ ಇಳಿದರೆ ಸಾಕು. ಬೆಕ್ಕಿಗೆ ಅರ್ಧದಿಂದ ಒಂದು ಭಾಗ. ಎರಡು ವಾರಕ್ಕೊಮ್ಮೆ ಎತ್ತಿಕೊಂಡು ತಕ್ಕಡಿ ಮೇಲೆ ನಿಲ್ಲಿ, ನಿಮ್ಮ ತೂಕ ಕಳೆಯಿರಿ, ಬರೆದಿಡಿ. ದೊಡ್ಡ ನಾಯಿಯನ್ನು ಎತ್ತಲು ಹೋಗಬೇಡಿ, ಕ್ಲಿನಿಕ್ಕಿನಲ್ಲಿ ತೂಗಿಸಿ. ಒಂದು ತಿಂಗಳು ಮುಳ್ಳು ಅಲ್ಲೇ ನಿಂತರೆ ಪ್ರಾಣಿಯನ್ನು ಬೈಯಬೇಡಿ, ಲೆಕ್ಕ ಮತ್ತೆ ನೋಡಿ.

ನಮ್ಮವನಿಗೆ 8 ತಿಂಗಳು ಹಿಡಿಯಿತು. ಈಗ ಮೆಟ್ಟಿಲ ಹತ್ತಿರ ನಿಲ್ಲುವುದಿಲ್ಲ, ನಾವು ಬಾಗಿಲು ತೆಗೆಯುವಷ್ಟರಲ್ಲಿ ಅವನು ಮೇಲೆ. ಕಳೆದ ತಿಂಗಳು ಮಾತ್ರ ಮತ್ತೆ 600 ಗ್ರಾಂ ಏರಿತ್ತು. ಮನೆಗೆ ನೆಂಟರು ಬಂದಿದ್ದರು, ಡಬ್ಬಿ ಕಪಾಟು ಸೇರಿತ್ತು. ಈಗ ಅದನ್ನು ಮತ್ತೆ ತಕ್ಕಡಿ ಪಕ್ಕದಲ್ಲಿ ಇಟ್ಟಿದ್ದೇವೆ.