ಮೊದಲು ತಕ್ಕಡಿ, ಆಮೇಲೆ ಬಾಲ

ಕೇಳುಗರಿಗೆಲ್ಲ ನಮಸ್ಕಾರ.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆದಾಗಿನಿಂದ ನಮ್ಮ ತುಮಕೂರಿನ ಕಾಲೇಜು ಮಕ್ಕಳು ವಿಮಾನದ ವಿಷಯ ಕೇಳಿಕೊಂಡು ಮನೆಗೆ ಬರುತ್ತಾರೆ. ಬನ್ನಿ, ನನಗೆ ಅದಕ್ಕಿಂತ ಸಂತೋಷ ಇಲ್ಲ. ಶೆಡ್ಡಿನಲ್ಲಿ ಸ್ವಂತವಾಗಿ ಸಣ್ಣ ವಿಮಾನ ಕಟ್ಟುವವರೂ ಬರುತ್ತಾರೆ. ಹೆಚ್ಚಿನವರದು ಒಂದೇ ಪ್ರಶ್ನೆ: "ಸಾರ್, ವಿಮಾನ ಸ್ಥಿರವಾಗಿ ನಿಲ್ತಿಲ್ಲ. ಬಾಲ ದೊಡ್ಡದು ಮಾಡ್ಲಾ?" ನನ್ನದೂ ಒಂದೇ ಉತ್ತರ. ಮೊದಲು ತೂಕ ಹಾಕಿ.

ಎತ್ತಿನ ಗಾಡಿಗೆ ತೆಂಗಿನಕಾಯಿ ಹೇರಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಂಭಾರ ಆದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಕೊರಳನ್ನು ಎಳೆಯುತ್ತದೆ. ವಿಮಾನಕ್ಕೂ ಹಿಂಭಾರ ಆಗದು. ಗಾಳಿಯ ಹೊಡೆತಕ್ಕೆ ಮೂತಿ ತುಸು ಎದ್ದಿತು ಅಂತಿಟ್ಟುಕೊಳ್ಳಿ. ಆಗ ರೆಕ್ಕೆ, ಬಾಲ ಎರಡೂ ಸೇರಿ ಹೆಚ್ಚುವರಿಯಾಗಿ ಎತ್ತುತ್ತವೆ. ಆ ಎತ್ತುವಿಕೆ ವಿಮಾನದ ಗುರುತ್ವಕೇಂದ್ರದ, ಅಂದರೆ ಇಡೀ ಭಾರ ತೂಗಿ ನಿಲ್ಲುವ ಬಿಂದುವಿನ, ಹಿಂದೆ ಬಿದ್ದರೆ ಬಾಲ ಏಳುತ್ತದೆ, ಮೂತಿ ತಾನಾಗಿ ಇಳಿಯುತ್ತದೆ. ಮುಂದೆ ಬಿದ್ದರೆ ಮೂತಿ ಇನ್ನೂ ಏಳುತ್ತದೆ, ಏಳುತ್ತಲೇ ಹೋಗುತ್ತದೆ. ಅದಕ್ಕೇ ಭಾರ ಮುಂದಿರಬೇಕು.

ನಮ್ಮ ಊರಿನವರೇ ಒಬ್ಬರು, ಹೆಸರು ಬೇಡ, ಎರಡು ಸೀಟಿನ ವಿಮಾನ ಕಟ್ಟಿದ್ದರು. ಎಂಥ ಕೈಕೆಲಸ ಅಂತೀರಿ! ಒಂದೊಂದು ರಿವೆಟ್ಟೂ ದಾರ ಹಿಡಿದು ಹೊಡೆದ ಹಾಗಿತ್ತು. ಆದರೆ ನೆಲದ ಮೇಲೆ ಓಡಿಸಿ ನೋಡುವಾಗಲೇ ಮೂತಿ ಬೇಗ ಏಳುತ್ತಿತ್ತು, ಮೂತಿ ಏಳಿಸಿ ಇಳಿಸುವ ಸ್ಟಿಕ್ ಕೈಗೆ ತೀರಾ ಹಗುರ. ನಾನು ಹೋಗುವಷ್ಟರಲ್ಲಿ ಅವರು ದೊಡ್ಡ ಬಾಲಕ್ಕೆ ತಗಡು ಗುರುತು ಹಾಕಿಟ್ಟಿದ್ದರು. ನಿಲ್ಲಿಸಿ ಅಂದೆ. ಮಂಡಿಯಿಂದ ಮೂರು ಎಲೆಕ್ಟ್ರಾನಿಕ್ ತಕ್ಕಡಿ ತರಿಸಿದೆವು, ಚಕ್ರಕ್ಕೆ ಒಂದರಂತೆ. ಶೆಡ್ಡಿನ ಬಾಗಿಲು ಮುಚ್ಚಿದೆವು, ಗಾಳಿ ಬಂದರೆ ರೆಕ್ಕೆ ಎತ್ತಿ ಲೆಕ್ಕ ತಪ್ಪಿಸುತ್ತದೆ. ಮಟ್ಟಗೋಲು ಇಟ್ಟು ವಿಮಾನವನ್ನು ಹಾರುವ ಭಂಗಿಗೆ ನಿಲ್ಲಿಸಿ, ಅವರನ್ನೇ ಸೀಟಿನಲ್ಲಿ ಕೂರಿಸಿದೆವು.

ಮುಂದಿನ ಚಕ್ರದಲ್ಲಿ 36 ಕೆಜಿ, ಹಿಂದಿನ ಚಕ್ರಗಳಲ್ಲಿ ತಲಾ 142. ಒಟ್ಟು 320. ರೆಕ್ಕೆಯ ಮುಂದಿನ ಅಂಚಿನಿಂದ ಮುಂಚಕ್ರ 90 ಸೆಂಟಿಮೀಟರ್ ಮುಂದೆ, ಉಳಿದೆರಡು 60 ಸೆಂಟಿಮೀಟರ್ ಹಿಂದೆ. ತೂಕವನ್ನು ದೂರದಿಂದ ಗುಣಿಸಿ, ಮುಂದಿನದನ್ನು ಕಳೆದು, 320ರಿಂದ ಭಾಗಿಸಿದರೆ ಗುರುತ್ವಕೇಂದ್ರ ಅಂಚಿನಿಂದ 43 ಸೆಂಟಿಮೀಟರ್ ಹಿಂದೆ ಬಂತು. ನಕ್ಷೆಯಲ್ಲಿ ಬರೆದ ಮಿತಿ 36! ಏಳು ಸೆಂಟಿಮೀಟರ್ ಹಿಂಭಾರ.

ಕಾರಣ ಬಾಲದ ಹತ್ತಿರವೇ ಕೂತಿತ್ತು. 8 ಕೆಜಿ ಬ್ಯಾಟರಿ, "ಅಲ್ಲಿ ಜಾಗ ಇತ್ತು ಸಾರ್" ಅಂತ ಇಟ್ಟಿದ್ದರು. ಅದನ್ನು ತೆಗೆದು ಎಂಜಿನ್ನಿಗೂ ಪೈಲಟ್‌ನ ಕಾಲಿಗೂ ನಡುವಿನ ತಗಡಿಗೆ ಬಿಗಿದೆವು, ಮೂರು ಮೀಟರ್ ಮುಂದಕ್ಕೆ. ಮತ್ತೆ ತೂಗಿದಾಗ ಮುಂಚಕ್ರದಲ್ಲಿ 52 ಕೆಜಿ. ಗುರುತ್ವಕೇಂದ್ರ 36ರ ಒಳಗೆ ಬಂದು ನಿಂತಿತು. ದೊಡ್ಡ ಬಾಲ ಹಾಕಿದ್ದರೆ? ಆ ತಗಡಿನ ತೂಕವೂ ಹಿಂದಕ್ಕೇ ಬೀಳುತ್ತಿತ್ತು.

ರೈಟ್ ಸಹೋದರರಿಗೂ ಇದೇ ಕಾಟ. 1903ರ ಅವರ ಫ್ಲೈಯರ್ ಹಿಂಭಾರದ್ದೇ, ಏಳುತ್ತ ಬೀಳುತ್ತ ಹಾರಿತು. 1904ರಲ್ಲಿ ಭಾರವನ್ನು ಇನ್ನೂ ಹಿಂದಕ್ಕೆ ಸರಿಸಿ ನೋಡಿದರು, ಓಲಾಟ ಹೆಚ್ಚಾಯಿತು. ಆಮೇಲೆ ಮೂತಿಗೆ 30 ಕೆಜಿ ಮೀರಿದ ಕಬ್ಬಿಣ ಕಟ್ಟಿದರು, ಹಿಡಿತಕ್ಕೆ ಬಂತು. ಗ್ರಾಂ ಗ್ರಾಂ ತೂಕ ಉಳಿಸಿ ಕಟ್ಟಿದ ವಿಮಾನಕ್ಕೆ ಕಬ್ಬಿಣ! ಮುಂಭಾರಕ್ಕೆ ಅಷ್ಟು ಬೆಲೆ ಇದೆ.

ಗಡಿಯಾರ ತೋರಿಸುತ್ತಿದ್ದಾರೆ, ಬೇಗ ಹೇಳುತ್ತೇನೆ. ವಿಮಾನ ಪಕ್ಕಕ್ಕೆ ವಾಲಿದರೆ ತಾನಾಗಿ ಸರಿಯಾಗಲು ರೆಕ್ಕೆಯ ತುದಿಗಳು ಬುಡಕ್ಕಿಂತ ತುಸು ಮೇಲಿರಬೇಕು. ಮೂತಿ ಎಡಬಲಕ್ಕೆ ಅಲೆದರೆ ಬಾಲದ ಮೇಲೆ ನೆಟ್ಟಗೆ ನಿಂತ ರೆಕ್ಕೆ ಸಾಲದು ಅಂತ ಅರ್ಥ. ಇವನ್ನು ನೋಡೋಣ, ಆದರೆ ತೂಗಿದ ಮೇಲೆ. ಮಾಡೆಲ್ ಹಾರಿಸುವ ಮಕ್ಕಳೇ, ನಿಮಗೂ ಇದೇ ಮಾತು. ರೆಕ್ಕೆಯ ಕೆಳಗೆ, ನಕ್ಷೆಯಲ್ಲಿ ಗುರುತ್ವಕೇಂದ್ರ ತೋರಿಸಿದ ಕಡೆ, ಎರಡು ಬೆರಳಿಟ್ಟು ಎತ್ತಿ ನೋಡಿ, ಬಾಲ ಕೆಳಗೆ ಬಿದ್ದರೆ ಬ್ಯಾಟರಿ ಮುಂದಕ್ಕೆ ತಳ್ಳಿ.

ದೊಡ್ಡ ವಿಮಾನದವರು ಒಂದೇ ಸಲ ತೂಗಿ ಬಿಡಬೇಡಿ. ಒಬ್ಬರೇ ಕೂತಾಗ ಒಂದು ಲೆಕ್ಕ, ಪಕ್ಕದಲ್ಲಿ ಇನ್ನೊಬ್ಬರು ಕೂತಾಗ ಒಂದು, ಟ್ಯಾಂಕ್ ತುಂಬಿದಾಗ ಒಂದು, ಖಾಲಿಯಾದಾಗ ಒಂದು. ಟ್ಯಾಂಕ್ ಮೂತಿಯ ಕಡೆ ಇದ್ದರಂತೂ ಪೆಟ್ರೋಲ್ ಉರಿದ ಹಾಗೆ ಭಾರ ಹಿಂದಕ್ಕೆ ಜಾರುತ್ತದೆ, ಹೊರಡುವಾಗ ಸರಿಯಿದ್ದ ವಿಮಾನ ಇಳಿಯುವಾಗ ಹಿಂಭಾರ ಆಗಿರುತ್ತದೆ. ನಾಲ್ಕೂ ಲೆಕ್ಕ ಮಿತಿಯೊಳಗೆ ಬಂದ ಕಾಗದ ಕೈಯಲ್ಲಿ ಹಿಡಿದುಕೊಂಡು ಬನ್ನಿ. ಬಾಲದ ವಿಷಯ ಆಗ ಕೂತು ಮಾತಾಡೋಣ.

ನಮಸ್ಕಾರ.