ದಫ್ತರದಲ್ಲಿ ಯಾರ ಹೆಸರು?

ಕೇಳುಗರೆಲ್ಲರಿಗೂ ನಮಸ್ಕಾರ.

ಕ್ರಿ.ಶ. 19ನೇ ಇಸವಿ, ರೋಮ್ ನಗರ. ವಿಸ್ಟಿಲಿಯಾ ಅಂತ ಒಬ್ಬ ಹೆಂಗಸು ನಗರದ ಅಧಿಕಾರಿಗಳ ಮುಂದೆ ಬಂದು ನಿಂತಳು. ದೊಡ್ಡ ಮನೆತನದವಳು, ಮದುವೆಯಾದವಳು. ವೇಶ್ಯೆಯರ ಪಟ್ಟಿಯಲ್ಲಿ ತನ್ನ ಹೆಸರನ್ನೂ ಬರೆದುಕೊಳ್ಳಿ ಎಂದು ಕೇಳಿದಳು.

ಯಾಕೆ ಗೊತ್ತಾ? ಮದುವೆಯಾದ ಹೆಂಗಸು ಬೇರೆ ಗಂಡಸಿನ ಜೊತೆ ಹೋದರೆ ರೋಮ್‌ನಲ್ಲಿ ಅದು ಅಪರಾಧ. ಆಸ್ತಿ ಹೋಗುತ್ತಿತ್ತು, ಗಡೀಪಾರಾಗುತ್ತಿತ್ತು. ಆದರೆ ಪಟ್ಟಿಯಲ್ಲಿ ಹೆಸರಿರುವ ವೇಶ್ಯೆಗೆ ಆ ಕಾನೂನು ತಗಲುತ್ತಿರಲಿಲ್ಲ. ವಿಸ್ಟಿಲಿಯಾ ಆ ಸಂದಿಯಲ್ಲಿ ನುಸುಳಲು ನೋಡಿದಳು. ಸೆನೆಟ್ ಬೆಚ್ಚಿಬಿತ್ತು. ತಾತ, ಅಪ್ಪ, ಗಂಡ, ಇವರಲ್ಲಿ ಯಾರಾದರೂ ಮೇಲು ದರ್ಜೆಯವರಾಗಿದ್ದರೆ ಆ ಹೆಂಗಸು ಹೀಗೆ ಹೆಸರು ಬರೆಸುವಂತಿಲ್ಲ ಎಂದು ಹೊಸ ನಿಯಮ ಬಂತು. ವಿಸ್ಟಿಲಿಯಾಳನ್ನು ಸೆರಿಫೋಸ್ ಎಂಬ ದ್ವೀಪಕ್ಕೆ ಅಟ್ಟಿದರು. ನೀನ್ಯಾಕೆ ದೂರು ಕೊಡಲಿಲ್ಲ ಎಂದು ಗಂಡನನ್ನು ಕೇಳಿದರೆ, ಯೋಚನೆ ಮಾಡೋಕೆ ಕಾನೂನು ಕೊಟ್ಟ ಅರವತ್ತು ದಿನ ಇನ್ನೂ ಮುಗಿದಿಲ್ಲ ಎಂದನಂತೆ!

ಸರಿ, ಅವಳ ಜೊತೆಗಿದ್ದ ಗಂಡಸು ಯಾರು? ಈ ಪ್ರಸಂಗ ಬರೆದಿಟ್ಟ ಇತಿಹಾಸಕಾರ ಆ ಹೆಸರನ್ನು ಹೇಳುವುದೇ ಇಲ್ಲ.

ವೇಶ್ಯಾವೃತ್ತಿಯ ಇತಿಹಾಸ ಓದುವಾಗ ನನಗೆ ಮತ್ತೆ ಮತ್ತೆ ಎದುರಾಗುವುದು ಇದೇ ಪ್ರಶ್ನೆ. ಸರ್ಕಾರ ಯಾರದ್ದೇ ಆಗಿರಲಿ, ದಫ್ತರದಲ್ಲಿ ಯಾರ ಹೆಸರು ಬರೆದುಕೊಂಡರು?

ರೋಮ್‌ನಲ್ಲಿ ಹೆಸರು ಬರೆದುಕೊಂಡರು, ತೆರಿಗೆಯನ್ನೂ ಹಾಕಿದರು. ಕ್ಯಾಲಿಗುಲಾ ಎಂಬ ಚಕ್ರವರ್ತಿ ಒಬ್ಬ ಗಿರಾಕಿಯಿಂದ ಬರುವಷ್ಟು ಹಣವನ್ನು ತೆರಿಗೆ ಅಂತ ಗೊತ್ತು ಮಾಡಿದ. ದಂಧೆ ಬಿಟ್ಟ ಮೇಲೂ ಕಳಂಕ ಹೋಗುತ್ತಿರಲಿಲ್ಲ, ಹಾಗಂತ ಅಲ್ಲಿನ ಕಾನೂನು ಪಂಡಿತರೇ ಬರೆದಿದ್ದಾರೆ. ಈ ಕೆಲಸದಲ್ಲಿದ್ದ ಎಷ್ಟೋ ಮಂದಿ ಗುಲಾಮರು. ಗಳಿಕೆ ಯಜಮಾನನಿಗೆ, ಕಳಂಕ ಇವರಿಗೆ.

ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೇ ಊರಿನಲ್ಲಿ ಅಂಥ ಒಂದು ಮನೆ ಇವತ್ತಿಗೂ ಉಳಿದಿದೆ. ಕೆಳಗೆ ಐದು ಇಕ್ಕಟ್ಟಾದ ಕೋಣೆ. ಒಳಗೆ ಕಲ್ಲುಗಾರೆಯಲ್ಲಿ ಕಟ್ಟಿದ ಮಂಚ, ಅದರ ಮೇಲೆ ಹಾಸಿಗೆ ಹಾಸುತ್ತಿದ್ದರು. ಗೋಡೆ ತುಂಬ ನೂರಕ್ಕೂ ಜಾಸ್ತಿ ಗೀಚುಬರಹ. ಗಂಡಸರ ಹೆಸರು ಕಾಣಸಿಗುವುದು ಇಲ್ಲಿ. ಯಾವ ಅಧಿಕಾರಿಯೂ ಬರೆದುಕೊಂಡದ್ದಲ್ಲ, ಜಂಬಕ್ಕೆ ಗೀಚಿದ್ದು.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಂತೂ ಇದಕ್ಕೆ ಒಂದು ಇಲಾಖೆಯೇ ಇದೆ. ಗಣಿಕಾಧ್ಯಕ್ಷ ಅಂತ ಅದರ ಅಧಿಕಾರಿ. ಗಣಿಕೆಯ ಗಳಿಕೆ, ಖರ್ಚು ಎಲ್ಲಾ ಅವನ ಲೆಕ್ಕದಲ್ಲಿ. ರೂಪಾಜೀವೆಯರು, ಅಂದರೆ ರೂಪವನ್ನೇ ನಂಬಿ ಬದುಕುವ ಹೆಂಗಸರು, ತಿಂಗಳಿಗೆ ಎರಡು ದಿನದ ಗಳಿಕೆಯನ್ನು ರಾಜನಿಗೆ ಕಟ್ಟಬೇಕು. ಒಂದು ಮಾತು ಹೇಳಲೇಬೇಕು. ಅವಳ ಮೇಲೆ ಕೈಮಾಡಿದವನಿಗೂ ಅಲ್ಲಿ ದಂಡ ಇತ್ತು. ಆಮೇಲೆ ಬಂದ ಎಷ್ಟೋ ಕಾನೂನುಗಳಲ್ಲಿ ಅಷ್ಟೂ ಇರಲಿಲ್ಲ.

ಲಂಡನ್‌ನ ಕಥೆ ಇನ್ನೂ ವಿಚಿತ್ರ. ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ ವೇಶ್ಯಾಗೃಹಗಳಿದ್ದ ಜಾಗ ವಿಂಚೆಸ್ಟರ್ ಬಿಷಪ್ಪರ ಅಧಿಕಾರಕ್ಕೆ ಸೇರಿತ್ತು. ಧರ್ಮಗುರುಗಳೇ ನಿಯಮ ಮಾಡಿ ಜುಲ್ಮಾನೆ ವಸೂಲಿ ಮಾಡುತ್ತಿದ್ದರು. ಜನ ಆ ಹೆಂಗಸರನ್ನು ವಿಂಚೆಸ್ಟರ್ ಬಾತುಗಳು ಎಂದು ಆಡಿಕೊಂಡರು. 1546ರಲ್ಲಿ ಎಂಟನೇ ಹೆನ್ರಿ ಆ ಮನೆಗಳನ್ನು ಮುಚ್ಚಿಸಿದ. ದಂಧೆ ನಿಂತಿತಾ? ಪಕ್ಕದ ಬೀದಿಗಳಿಗೆ ಹೋಯಿತು, ಅಷ್ಟೇ.

ಈಗ ಸ್ವಲ್ಪ ನಿಧಾನವಾಗಿ ನೋಡಬೇಕಾದ ಕಾಲ, ಹತ್ತೊಂಬತ್ತನೇ ಶತಮಾನ. ಸೈನಿಕರಲ್ಲಿ ಲೈಂಗಿಕ ರೋಗಗಳು ಹೆಚ್ಚಿದ್ದವು. ಪ್ಯಾರಿಸ್ಸಿನ ಪೊಲೀಸರು ಹೆಂಗಸರ ಕೈಗೆ ಕಾರ್ಡು ಕೊಟ್ಟರು. ಇಷ್ಟು ದಿನಕ್ಕೊಮ್ಮೆ ವೈದ್ಯರ ಮುಂದೆ ಬರಬೇಕು, ಕಾರ್ಡಿನ ಮೇಲೆ ಗುರುತು ಹಾಕಿಸಿಕೊಳ್ಳಬೇಕು. ಈ ಪದ್ಧತಿ ಯುರೋಪಿನ ಬೇರೆ ದೇಶಗಳಿಗೂ ಹಬ್ಬಿತು.

1864ರಲ್ಲಿ ಬ್ರಿಟನ್ ಕೂಡ ಅದೇ ದಾರಿ ಹಿಡಿಯಿತು. ಸಾಂಕ್ರಾಮಿಕ ರೋಗಗಳ ಕಾಯ್ದೆ ಎಂದು ಹೆಸರು. ಸೈನ್ಯ ಇರುವ ಊರು, ಬಂದರು, ಇಲ್ಲೆಲ್ಲ ಮಫ್ತಿ ಪೊಲೀಸರು ಓಡಾಡುತ್ತಿದ್ದರು. ಹೆಂಗಸಿನ ಮೇಲೆ ಅನುಮಾನ ಬಂದರೆ ಸಾಕು, ಪರೀಕ್ಷೆಗೆ ಬಾ ಎನ್ನಬಹುದಿತ್ತು. ಒಲ್ಲೆ ಎಂದರೆ ಜೈಲು. ರೋಗ ಕಂಡರೆ ಆಸ್ಪತ್ರೆಯಲ್ಲಿ ಕೂಡಿಹಾಕುತ್ತಿದ್ದರು. 1869ರ ತಿದ್ದುಪಡಿ ಆದ ಮೇಲೆ ಒಂಬತ್ತು ತಿಂಗಳವರೆಗೂ ಹೀಗೆ ಇಡಬಹುದಾಗಿತ್ತು. 1868ರಲ್ಲಿ ಭಾರತಕ್ಕೂ ಇದೇ ಬಗೆಯ ಕಾಯ್ದೆ ಬಂತು.

ಅವಳ ಬಳಿಗೆ ಹೋಗುತ್ತಿದ್ದ ಸೈನಿಕನನ್ನು ಈ ಕಾಯ್ದೆ ಮುಟ್ಟಲೇ ಇಲ್ಲ. ರೋಗ ಒಬ್ಬರಿಂದ ಇನ್ನೊಬ್ಬರಿಗೆ ಬರುವುದು ಅಲ್ವಾ? ಒಬ್ಬರನ್ನು ಮಾತ್ರ ಪರೀಕ್ಷೆ ಮಾಡಿದರೆ ಹೇಗೆ ನಿಲ್ಲುತ್ತದೆ? 1871ರಲ್ಲಿ ಬ್ರಿಟನ್ನಿನ ರಾಜ ಆಯೋಗ ಇದಕ್ಕೆ ಉತ್ತರವನ್ನೂ ಕೊಟ್ಟಿತು. ಹೆಂಗಸು ಮಾಡುವುದು ದುಡ್ಡಿಗಾಗಿ, ಗಂಡಸು ಮಾಡುವುದು ಸಹಜ ಆಸೆ ಒಮ್ಮೊಮ್ಮೆ ದಾರಿ ತಪ್ಪಿದ್ದರಿಂದ. ಹಾಗಾಗಿ ಇಬ್ಬರನ್ನೂ ಹೋಲಿಸುವಂತಿಲ್ಲ. ಆಯೋಗದ ವಾದದ ತಿರುಳು ಇದು. ಓದಿದಾಗ ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ.

ಇದರ ವಿರುದ್ಧ ಎದ್ದು ನಿಂತವರು ಇಂಗ್ಲೆಂಡಿನ ಸಮಾಜ ಸುಧಾರಕಿ ಜೋಸೆಫೀನ್ ಬಟ್ಲರ್. ಆ ಕಾಲದ ಗೌರವಸ್ಥ ಮನೆಯ ಹೆಂಗಸು ಬಾಯಲ್ಲಿ ಹೇಳಬಾರದು ಎಂದಿದ್ದ ವಿಷಯವನ್ನು ಊರೂರು ತಿರುಗಿ ಸಭೆಗಳಲ್ಲಿ ಮಾತನಾಡಿದರು. 1870ರ ಹೊಸ ವರ್ಷಕ್ಕೆ ಪತ್ರಿಕೆಯಲ್ಲಿ ಬಂದ ಹೆಂಗಸರ ಪ್ರತಿಭಟನಾ ಪತ್ರದಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಸಹಿಯೂ ಇತ್ತು. 1886ರಲ್ಲಿ ಕಾಯ್ದೆ ರದ್ದಾಯಿತು.

ಫ್ರಾನ್ಸ್ 1946ರಲ್ಲಿ ವೇಶ್ಯಾಗೃಹಗಳನ್ನು ಮುಚ್ಚಿತು. ಮನೆ ಮುಚ್ಚಿದರು, ದಫ್ತರ ಮುಚ್ಚಲಿಲ್ಲ. ಹೆಂಗಸರ ಆರೋಗ್ಯದ ಪಟ್ಟಿ 1960ರವರೆಗೂ ನಡೆಯಿತು. ಈ ಮಧ್ಯೆ, 1949ರಲ್ಲಿ ವಿಶ್ವಸಂಸ್ಥೆ ಒಂದು ಒಪ್ಪಂದ ಮಾಡಿತ್ತು. ಅದರ ಆರನೇ ವಿಧಿ ಈ ದಫ್ತರಕ್ಕೇ ಕೈಹಾಕುತ್ತದೆ: ವೇಶ್ಯೆಯರನ್ನು ವಿಶೇಷವಾಗಿ ನೋಂದಾಯಿಸುವ, ವಿಶೇಷ ಕಾರ್ಡು ಇಟ್ಟುಕೊಳ್ಳುವಂತೆ ಮಾಡುವ ಕಾನೂನುಗಳನ್ನು ತೆಗೆದುಹಾಕಬೇಕು.

ಇವತ್ತು ಒಂದೊಂದು ದೇಶ ಒಂದೊಂದು ದಾರಿ ಹಿಡಿದಿದೆ. ಪೂರ್ತಿ ನಿಷೇಧ ಇರುವ ಕಡೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಲ್ಲಿ ಹೆಸರು ಪೊಲೀಸ್ ಠಾಣೆಯ ಪುಸ್ತಕದಲ್ಲಿರುತ್ತದೆ, ಸಾಮಾನ್ಯವಾಗಿ ಹೆಂಗಸಿನದೇ. ಭಾರತದಂಥ ದೇಶಗಳದ್ದು ನಡುವಿನ ದಾರಿ. 1956ರ ಕಾಯ್ದೆಯ ಪ್ರಕಾರ ವಯಸ್ಕ ಹೆಂಗಸು ತಾನಾಗಿ ಈ ಕೆಲಸ ಮಾಡುವುದೇ ಅಪರಾಧವಲ್ಲ. ಆದರೆ ವೇಶ್ಯಾಗೃಹ ನಡೆಸುವುದು ಅಪರಾಧ, ಸಾರ್ವಜನಿಕ ಜಾಗದಲ್ಲಿ ಗಿರಾಕಿ ಕರೆಯುವುದು ಅಪರಾಧ. ಅವಳ ಗಳಿಕೆಯಲ್ಲಿ ತಿಳಿದೂ ಬದುಕುವ, ಹದಿನೆಂಟು ದಾಟಿದವರೂ ಅಪರಾಧಿಗಳೇ. ತಲೆಹಿಡುಕನಿಗೆಂದು ಬೀಸಿದ ಬಲೆ ಇದು. ಆದರೆ ಕಾಲೇಜು ಓದುವ ಮಗ, ಹಾಸಿಗೆ ಹಿಡಿದ ತಾಯಿ, ಇವರೂ ಅದರಲ್ಲಿ ಸಿಕ್ಕಿಕೊಳ್ಳಬಹುದು. 2022ರಲ್ಲಿ ಸುಪ್ರೀಂ ಕೋರ್ಟ್ ಈ ಹೆಂಗಸರಿಗೂ ಘನತೆಯ ಬದುಕಿನ ಹಕ್ಕಿದೆ ಎಂದು ಒತ್ತಿ ಹೇಳಿತು.

ಸ್ವೀಡನ್ 1999ರ ಜನವರಿ 1ರಿಂದ ಕನ್ನಡಿ ತಿರುಗಿಸಿತು. ಮಾರುವವಳ ಮೇಲೆ ಕೇಸಿಲ್ಲ, ಕೊಳ್ಳುವವನ ಮೇಲೆ ಕೇಸು. ನಾರ್ವೆ, ಐಸ್‌ಲ್ಯಾಂಡ್ ಆಮೇಲೆ ಅದೇ ದಾರಿಗೆ ಬಂದವು. 2016ರಲ್ಲಿ ಫ್ರಾನ್ಸ್ ಕೂಡ ಗಿರಾಕಿಗೆ 1,500 ಯೂರೋವರೆಗೆ ದಂಡ ಇಟ್ಟಿತು. ಕೊನೆಗೂ ಅವನ ಹೆಸರು ಬರೆದುಕೊಂಡರಲ್ಲ ಎಂದು ನನಗೂ ಖುಷಿಯೇ. ಆದರೆ ಈ ಕೆಲಸದಲ್ಲಿರುವ ಎಷ್ಟೋ ಮಂದಿ ಒಪ್ಪುವುದಿಲ್ಲ. ಅವನಿಗೆ ಪೊಲೀಸರ ಭಯ ಇದ್ದರೆ ಕತ್ತಲೆ ಮೂಲೆಗೆ ಕರೆಯುತ್ತಾನೆ, ಮಾತಾಡಿ, ಮುಖ ನೋಡಿ ಆರಿಸಿಕೊಳ್ಳಲು ನಮಗೆ ಸಮಯ ಸಿಗುವುದಿಲ್ಲ ಎಂಬುದು ಅವರ ತಕರಾರು. ಫ್ರಾನ್ಸಿನ ಕಾನೂನಿನ ವಿರುದ್ಧ ಯುರೋಪಿನ ಮಾನವ ಹಕ್ಕು ನ್ಯಾಯಾಲಯದವರೆಗೂ ಹೋದರು, 2024ರಲ್ಲಿ ಸೋತರು. ಸೋತರೂ ಆ ತಕರಾರನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ನ್ಯೂಜಿಲೆಂಡ್ 2003ರಲ್ಲಿ ಬೇರೆಯೇ ದಾರಿ ಹಿಡಿಯಿತು. ಈ ದಂಧೆಯನ್ನು ಅಪರಾಧದ ಪಟ್ಟಿಯಿಂದ ತೆಗೆಯುವ ಮಸೂದೆಗೆ ಸಂಸತ್ತಿನಲ್ಲಿ ಪರವಾಗಿ 60 ಮತ, ವಿರುದ್ಧ 59. ಒಂದೇ ಮತದಲ್ಲಿ ಪಾಸಾಯಿತು! ಅಲ್ಲಿ ಸರ್ಟಿಫಿಕೇಟ್ ಬೇಕಾಗಿರುವುದು ವ್ಯವಹಾರ ನಡೆಸುವವನಿಗೆ, ಕೆಲಸ ಮಾಡುವವಳಿಗಲ್ಲ. ನಾಲ್ಕು ಮಂದಿಯವರೆಗೆ ಸೇರಿ, ತಮ್ಮ ಗಳಿಕೆ ತಾವೇ ನೋಡಿಕೊಂಡು ಕೆಲಸ ಮಾಡಿದರೆ ಅದೂ ಬೇಡ. ಒಪ್ಪಿದ ಮೇಲೂ ಯಾವ ಕ್ಷಣದಲ್ಲಾದರೂ ಬೇಡ ಎನ್ನಬಹುದು. ತಾತ್ಕಾಲಿಕ ವೀಸಾದ ಮೇಲೆ ಬಂದವರಿಗೆ ಮಾತ್ರ ಈ ಕಾನೂನಿನ ನೆರಳಿಲ್ಲ. ಬೆಲ್ಜಿಯಂ 2024ರ ಡಿಸೆಂಬರ್‌ನಿಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೆಲಸದ ಕರಾರು, ಹೆರಿಗೆ ರಜೆ, ಪಿಂಚಣಿ ಎಲ್ಲವನ್ನೂ ಕೊಟ್ಟಿದೆ.

ಇನ್ನು ಜರ್ಮನಿ. 2002ರಲ್ಲೇ ಇದನ್ನು ಕಾನೂನಿನ ಒಳಗೆ ತಂದಿತ್ತು. 2017ರ ಜುಲೈಯಲ್ಲಿ ಹೊಸ ಕಾಯ್ದೆ ಬಂತು. ಈ ಕೆಲಸ ಮಾಡುವವರೆಲ್ಲ ಕಚೇರಿಗೆ ಹೋಗಿ ಹೆಸರು ನೋಂದಾಯಿಸಬೇಕು, ಆರೋಗ್ಯ ಸಲಹೆ ಪಡೆಯಬೇಕು, ಫೋಟೋ ಇರುವ ಚೀಟಿ ಇಟ್ಟುಕೊಂಡಿರಬೇಕು. ಬಲವಂತಕ್ಕೆ ಸಿಕ್ಕಿದವರನ್ನು ಗುರುತಿಸುವುದಕ್ಕಾಗಿ ಎನ್ನುತ್ತದೆ ಸರ್ಕಾರ. 2023ರ ಕೊನೆಗೆ ಸುಮಾರು 30 ಸಾವಿರ ಮಂದಿ ಹೆಸರು ಬರೆಸಿದ್ದರು. ಆದರೆ ನಿಜವಾಗಿ ಈ ಕೆಲಸ ಮಾಡುವವರ ಸಂಖ್ಯೆ ಅದಕ್ಕಿಂತ ಎಷ್ಟೋ ಜಾಸ್ತಿ ಎಂಬ ಅಂದಾಜಿದೆ. ಅಂದರೆ ಉಳಿದವರು ಆ ಕಚೇರಿಯ ಕಡೆ ಸುಳಿಯಲಿಲ್ಲ.

ಆ ಕಾಯ್ದೆಯಲ್ಲಿ ಒಂದು ಅನುಕೂಲ ಇದೆ. ಕೇಳಿಕೊಂಡರೆ ಬೇರೆ ಹೆಸರಿನಲ್ಲೂ ಒಂದು ಚೀಟಿ ಕೊಡುತ್ತಾರೆ. ನಿಜವಾದ ಹೆಸರು ಕಚೇರಿಯ ಕಡತದಲ್ಲಿ, ಇಟ್ಟುಕೊಂಡ ಹೆಸರು ಪರ್ಸಿನಲ್ಲಿ. ಬಾಗಿಲು ತಟ್ಟಿ ಒಳಗೆ ಬರುವ ಗಿರಾಕಿ ಯಾವ ಚೀಟಿಯನ್ನೂ ತೋರಿಸಬೇಕಾಗಿಲ್ಲ.

ನಮಸ್ಕಾರ.