ಹಾರುವ ಮೊದಲು ಇಳಿಯುವುದನ್ನು ಕಲಿಸಿ

ಕೇಳುಗರಿಗೆ ನಮಸ್ಕಾರ.

ಬ್ಯಾಸ್ಕೆಟ್‌ಬಾಲ್ ಆಡುವ 13–14 ವರ್ಷದ ಹುಡುಗಿಯೊಬ್ಬಳು ರೀಬೌಂಡ್‌ಗೆ, ಅಂದರೆ ಬುಟ್ಟಿಗೆ ಬೀಳದೆ ಪುಟಿದು ಬಂದ ಚೆಂಡಿಗೆ, ಹಾರಿ ನೆಲಕ್ಕೆ ಬರುವ ಗಳಿಗೆಯನ್ನು ಹತ್ತಿರದಿಂದ ನೋಡೋಣ. ಕಣ್ಣು ಇನ್ನೂ ಚೆಂಡಿನ ಮೇಲಿದೆ. ಮುಂಗಾಲು ನೆಲ ಮುಟ್ಟಿತು. ಮಂಡಿ ಸರಿಯಾಗಿ ಮಡಿಸಲಿಲ್ಲ, ಕಾಲು ಕೋಲಿನಂತೆ ಸೆಟೆದಿದೆ. ಮರುಕ್ಷಣ ಒಂದು ಮಂಡಿ ಹೆಬ್ಬೆರಳನ್ನೂ ದಾಟಿ ಒಳಕ್ಕೆ ವಾಲಿತು. ಯಾರೂ ಅವಳನ್ನು ತಳ್ಳಿಲ್ಲ, ಮುಟ್ಟಿಯೂ ಇಲ್ಲ. ಮಂಡಿಯೊಳಗೆ ಮೂಳೆಗಳನ್ನು ಕಟ್ಟಿಹಿಡಿಯುವ ಎಸಿಎಲ್ ಎಂಬ ಲಿಗಮೆಂಟ್ ಹರಿಯುವುದು ಬಹಳ ಸಲ ಹೀಗೆಯೇ, ಅದೂ ಕಾಲು ನೆಲಕ್ಕೆ ತಾಗಿದ 50 ಮಿಲಿಸೆಕೆಂಡಿನ ಆಸುಪಾಸಿನಲ್ಲಿ. ಅಷ್ಟು ಹೊತ್ತಿನಲ್ಲಿ ಯೋಚಿಸಿ ಕಾಲು ಸರಿಮಾಡಿಕೊಳ್ಳುವುದು ಯಾರಿಂದಲೂ ಆಗದು. ನೆಲ ಮುಟ್ಟುವ ಮೊದಲೇ ಸ್ನಾಯುಗಳು ಬಿಗಿಯಾಗಿ ಕಾದಿರಬೇಕು. ನರಗಳಿಗೆ ಆ ರೂಢಿ ಹಿಡಿಸುವುದಕ್ಕೇ ನರ-ಸ್ನಾಯು ತರಬೇತಿ ಎನ್ನುತ್ತಾರೆ.

ಹುಡುಗಿಯರಿಗೆ ಇದು ಹೆಚ್ಚು ಬೇಕು, ಕಾರಣವಿದೆ. 12ರ ಹೊತ್ತಿಗೆ ಅವರ ಮೂಳೆಗಳು ಒಮ್ಮೆಲೇ ಬೆಳೆಯುತ್ತವೆ. ವರ್ಷಕ್ಕೆ 8 ಸೆಂಟಿಮೀಟರ್‌ವರೆಗೂ ಎತ್ತರ ಏರುವುದುಂಟು. ಹುಡುಗರಿಗೆ ಎತ್ತರದ ಬೆನ್ನಿಗೇ ಹಾರ್ಮೋನಿನ ಬಲದಿಂದ ಸ್ನಾಯುಶಕ್ತಿಯೂ ಬರುತ್ತದೆ. ಹುಡುಗಿಯರಿಗೆ ಅಷ್ಟು ಬರುವುದಿಲ್ಲ, ಅಭ್ಯಾಸದಿಂದಲೇ ಗಳಿಸಿಕೊಳ್ಳಬೇಕು. ಹೋದ ವರ್ಷ ಚೆನ್ನಾಗಿ ಹಾರುತ್ತಿದ್ದವಳು ಈ ವರ್ಷ ಎಡವುತ್ತಿದ್ದರೆ ದಯವಿಟ್ಟು ಸೋಮಾರಿ ಎಂದು ಬೈಯಬೇಡಿ. ಅವಳ ಕಾಲು ಉದ್ದವಾಗಿದೆ, ಆ ಹೊಸ ಉದ್ದ ನರಗಳಿಗೆ ಇನ್ನೂ ಪಳಗಿಲ್ಲ.

ಮಂಡಿ ಕಾಯುವ ಅಭ್ಯಾಸವೇ ಜಿಗಿತದ ಎತ್ತರವನ್ನೂ ಕೊಡುತ್ತದೆ. ಅಮೆರಿಕದ ಸಿನ್ಸಿನಾಟಿಯಲ್ಲಿ ಹೈಸ್ಕೂಲಿನ ವಾಲಿಬಾಲ್ ಹುಡುಗಿಯರಿಗೆ 6 ವಾರ ಇಂಥ ತರಬೇತಿ ಕೊಟ್ಟು ನೋಡಿದರು. 1996ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ನೆಲಕ್ಕಿಳಿಯುವಾಗಿನ ಹೊಡೆತ ನೂರಕ್ಕೆ 22ರಷ್ಟು ಇಳಿದಿತ್ತು, ಜಿಗಿತ ನೂರಕ್ಕೆ ಸುಮಾರು 10ರಷ್ಟು ಏರಿತ್ತು. 1999ರಲ್ಲಿ ಅದೇ ಸಂಶೋಧಕರ ತಂಡ ಬ್ಯಾಸ್ಕೆಟ್‌ಬಾಲ್, ವಾಲಿಬಾಲ್, ಫುಟ್‌ಬಾಲ್ ಆಡುವ 1,263 ಹುಡುಗ ಹುಡುಗಿಯರ ಲೆಕ್ಕ ಮುಂದಿಟ್ಟಿತು: ತರಬೇತಿ ಇಲ್ಲದ ಹುಡುಗಿಯರಲ್ಲಿ ಮಂಡಿಯ ಗಂಭೀರ ಗಾಯ, ತರಬೇತಿ ಪಡೆದವರಿಗಿಂತ 3.6 ಪಟ್ಟು. ಮೊದಲ ಕೆಲವು ವಾರಗಳಲ್ಲಿ ಸ್ನಾಯು ದಪ್ಪವಾಗುವುದು ಕಡಿಮೆಯೇ. ಇರುವ ಸ್ನಾಯುವಿನಲ್ಲೇ ಹೆಚ್ಚು ಎಳೆಗಳನ್ನು, ಬೇಗ, ಒಟ್ಟಿಗೆ ಕೆಲಸಕ್ಕೆ ಹಚ್ಚಲು ನರಗಳು ಕಲಿಯುತ್ತವೆ.

ಶುರುಮಾಡುವ ಮೊದಲು ಅಳೆಯಿರಿ. ಗೋಡೆ ಪಕ್ಕ ನಿಂತು, ಹಿಮ್ಮಡಿ ಎತ್ತದೆ, ಬೆರಳಿಗೆ ಸೀಮೆಸುಣ್ಣ ಹಚ್ಚಿ, ಕೈ ಎಟುಕುವಲ್ಲಿ ಒಂದು ಗುರುತು. ಬಳಿಕ ಹಾರಿ ಇನ್ನೊಂದು. 3 ಸಲ ಹಾರಿಸಿ, ಅತಿ ಮೇಲಿನದನ್ನು ಹಿಡಿದು ನಡುವಿನ ಅಂತರ ಬರೆದಿಡಿ. ಆಮೇಲೆ ಅರ್ಧ ಬಸ್ಕಿಯಲ್ಲಿ 3 ಎಣಿಸುವವರೆಗೆ ನಿಲ್ಲಿಸಿ, ಅಲ್ಲಿಂದಲೇ ಹಾರಿಸಿ. ನಿಲ್ಲದೆ ಹಾರಿದ್ದು ಕೆಲವು ಸೆಂಟಿಮೀಟರ್ ಹೆಚ್ಚಿರಬೇಕು. ಎರಡೂ ಒಂದೇ ಆದರೆ ಅವಳು ಕುಗ್ಗಿದ ಕೂಡಲೇ ಪುಟಿಯುವ ಸ್ಪ್ರಿಂಗನ್ನು ಬಳಸುತ್ತಿಲ್ಲ, ಬರೀ ಬಲದಿಂದ ಹಾರುತ್ತಿದ್ದಾಳೆ.

ಇನ್ನು ಇಳಿಯುವುದರ ಪರೀಕ್ಷೆ. ಮಂಡಿಚಿಪ್ಪಿನ ನಡುವೆ ಬಣ್ಣದ ಟೇಪಿನ ಚೂರು ಅಂಟಿಸಿ. 30 ಸೆಂಟಿಮೀಟರ್ ಎತ್ತರದ, ಅಲ್ಲಾಡದ ಮೆಟ್ಟಿಲಿನಿಂದ ಕೆಳಗಿಳಿದ ಕೂಡಲೇ ಮೇಲಕ್ಕೆ ಹಾರಲು ಹೇಳಿ. ಮೊಬೈಲನ್ನು 3 ಮೀಟರ್ ದೂರದಲ್ಲಿ, ಮಂಡಿಯ ಎತ್ತರಕ್ಕೆ ಹಿಡಿದು ಸ್ಲೋ ಮೋಷನ್‌ನಲ್ಲಿ ತೆಗೆಯಿರಿ. ಟೇಪಿನ ಚೂರು ಕಾಲಿನ ಎರಡನೇ ಬೆರಳಿನ ನೇರಕ್ಕೇ ಇದೆಯೋ, ಒಳಕ್ಕೆ ಜಾರುತ್ತದೆಯೋ ನೋಡಿ. ಕಿವಿಗೂ ಕೆಲಸವಿದೆ: ಧಪ್ ಎಂದು ಸದ್ದಾದರೆ ಹೊಡೆತವನ್ನು ಸ್ನಾಯು ಹೀರಿಲ್ಲ, ಮೂಳೆ ಮತ್ತು ಕೀಲು ತಿಂದಿವೆ.

ಅಭ್ಯಾಸ ವಾರಕ್ಕೆ 3 ದಿನ, ನಡುವೆ ಒಂದೊಂದು ದಿನ ಬಿಡುವು, ಒಂದು ಸಲಕ್ಕೆ 20 ನಿಮಿಷ. ಮೈ ಬಿಸಿಯಾದ ಕೂಡಲೇ, ಆಟದ ಪ್ರಾಕ್ಟೀಸಿಗೂ ಮೊದಲು. ಮೊದಲ 2 ವಾರ ಎತ್ತರಕ್ಕೆ ಹಾರುವ ಮಾತೇ ಬೇಡ. ನಿಧಾನವಾಗಿ 8 ಬಸ್ಕಿ, 2 ಸುತ್ತು: ಪಿರ್ರೆ ಹಿಂದಕ್ಕೆ, ಎದೆ ಮೇಲಕ್ಕೆ, ಹಿಮ್ಮಡಿ ನೆಲದಲ್ಲೇ. 15 ಸೆಂಟಿಮೀಟರ್ ಮೆಟ್ಟಿಲಿನಿಂದ ಎರಡೂ ಕಾಲಿಗೆ ಇಳಿದು 3 ಎಣಿಸುವವರೆಗೆ ಕದಲದೆ ನಿಲ್ಲುವುದು, 5 ಸಲ, 2 ಸುತ್ತು. ಒಂಟಿ ಕಾಲಲ್ಲಿ ನಿಂತು 30 ಸೆಕೆಂಡ್ ಚೆಂಡು ಪಾಸ್ ಮಾಡುವುದು, ಕಾಲು ಬದಲಿಸಿ ಮತ್ತೊಮ್ಮೆ.

ಇದರ ಜೊತೆ ತೊಡೆಯ ಹಿಂಬದಿಗೆ ನಾರ್ಡಿಕ್ ಎಂಬ ವ್ಯಾಯಾಮ ತಪ್ಪಿಸಬಾರದು. ಹಾರಿ ನೆಲಕ್ಕಿಳಿಯುವಾಗ ತೊಡೆಯ ಮುಂಬದಿ ಕೆಳಕಾಲಿನ ಮೂಳೆಯನ್ನು ಮುಂದಕ್ಕೆ ಎಳೆಯುತ್ತದೆ, ಹಿಂಬದಿ ಅದನ್ನು ಹಿಂದಕ್ಕೆ ಹಿಡಿದು ಎಸಿಎಲ್‌ನ ಭಾರ ಇಳಿಸುತ್ತದೆ. ಹುಡುಗಿಯರಲ್ಲಿ ಸೋಲುವುದು ಸಾಮಾನ್ಯವಾಗಿ ಈ ಹಿಂಬದಿಯೇ. ಮಡಚಿದ ಗೋಣಿಚೀಲದ ಮೇಲೆ ಮಂಡಿಯೂರಿ ನಿಲ್ಲಬೇಕು, ಗೆಳತಿ ಹಿಂದಿನಿಂದ ಎರಡೂ ಕಣಕಾಲು ಒತ್ತಿ ಹಿಡಿಯಬೇಕು. ತಲೆಯಿಂದ ಮಂಡಿವರೆಗೆ ಹಲಗೆಯಂತೆ ನೆಟ್ಟಗಿಟ್ಟುಕೊಂಡು ಮೆಲ್ಲಗೆ ಮುಂದಕ್ಕೆ ವಾಲುತ್ತಾ, ತಡೆಯಲಾಗದಾಗ ಕೈಯೂರಿ ನೆಲ ಹಿಡಿಯಬೇಕು. ಮೊದಲ ವಾರ 3 ಸಲ, 2 ಸುತ್ತು ಸಾಕು. ಮಾರನೆಯ ದಿನ ತೊಡೆ ಹಿಡಿದುಕೊಳ್ಳುವುದು ಸಹಜ, ಮೊದಲೇ ತಿಳಿಸಿಬಿಡಿ.

3ನೇ ವಾರದಿಂದ ಮುಂದಕ್ಕೆ ಹಾರಿ ನಿಲ್ಲುವುದು, ಗೆರೆಯ ಆಚೀಚೆ ಹಾರುವುದು, ಗಾಳಿಯಲ್ಲಿ ಅರ್ಧ ಸುತ್ತು ತಿರುಗಿ ಇಳಿಯುವುದು. ನಮ್ಮ ಕುಂಟೆಬಿಲ್ಲೆ ಇಲ್ಲಿ ತುಂಬ ಒದಗುತ್ತದೆ. ಒಂದೊಂದು ಮನೆಯಲ್ಲೂ 2 ಎಣಿಸಿ ನಿಂತು ಮುಂದೆ ಹೋಗಲಿ. 5 ಮತ್ತು 6ನೇ ವಾರ ಸ್ಪ್ರಿಂಗ್‌ನ ಕೆಲಸ: ಇಳಿದ ಕೂಡಲೇ ನೆಲ ಸುಟ್ಟಂತೆ ಮೇಲಕ್ಕೆ ಹಾರುವುದು, ಓಡಿ ಬಂದು ಎರಡು ಹೆಜ್ಜೆಯಲ್ಲಿ ನಿಂತು ಹಾರುವುದು, ಗಾಳಿಯಲ್ಲಿದ್ದಾಗ ಗೆಳತಿ ಭುಜಕ್ಕೆ ಮೆಲ್ಲಗೆ ತಾಗಿಸಿದರೂ ನೇರ ಇಳಿಯುವುದು. ಕಾಲು ನೆಲ ಮುಟ್ಟುವ ಲೆಕ್ಕ ಮೊದಲಿಗೆ ದಿನಕ್ಕೆ 40ರ ಸುಮಾರು, ಕೊನೆಗೂ 80 ದಾಟದಿರಲಿ. ಮುಂದಿನ ಹಂತಕ್ಕೆ ಹೋಗುವುದನ್ನು ಕ್ಯಾಲೆಂಡರ್ ನೋಡಿ ಅಲ್ಲ, ಮಂಡಿ ನೋಡಿ ತೀರ್ಮಾನಿಸಿ.

ಹೇಳುವ ಮಾತು ಒಂದು ಸಲಕ್ಕೆ ಒಂದೇ ಇರಲಿ. ಇಳಿಯುವಾಗ "ಸದ್ದು ಬರಬಾರದು", ಹಾರುವಾಗ "ನೆಲ ಒದ್ದು ಏಳು". ಮಂಡಿ, ಸೊಂಟ, ಹಿಮ್ಮಡಿ ಎಂದು ಒಟ್ಟಿಗೆ ಕೂಗಿದರೆ ಹುಡುಗಿ ಗಾಳಿಯಲ್ಲೇ ಗೊಂದಲಕ್ಕೆ ಬೀಳುತ್ತಾಳೆ.

ಕೆಡುವುದು ಎಲ್ಲಿ? ಪ್ರಾಕ್ಟೀಸ್ ಮುಗಿದು ಸುಸ್ತಾದ ಮೇಲೆ ಹಾರಿಸುವುದರಲ್ಲಿ. ದಣಿದ ಕಾಲು ತಪ್ಪು ಇಳಿತವನ್ನೇ ರೂಢಿ ಮಾಡಿಕೊಳ್ಳುತ್ತದೆ. ತಡವಾಗಿ ಬಂದದ್ದಕ್ಕೆ 100 ಸಲ ಹಾರು ಎಂದು ಶಿಕ್ಷೆ ಕೊಡುವುದು ಇದಕ್ಕಿಂತ ಕೆಟ್ಟದ್ದು, ಅದನ್ನು ಇಂದೇ ನಿಲ್ಲಿಸಬೇಕು. ಶಾಲೆಯ ಕೋರ್ಟ್ ಸಿಮೆಂಟಿನದಾದರೆ ಈ ಅಭ್ಯಾಸವನ್ನು ಪಕ್ಕದ ಹದವಾದ ಮಣ್ಣಿನಲ್ಲೋ ಹುಲ್ಲಿನಲ್ಲೋ ಮಾಡಿಸಿ, ಕಲ್ಲು ಗುಂಡಿಗಳಿಲ್ಲವೇ ಎಂದು ಮೊದಲು ನಡೆದು ನೋಡಿ. ಟೂರ್ನಿಮೆಂಟ್ ಶುರುವಾಯಿತೆಂದು ಪೂರ್ತಿ ಬಿಟ್ಟರೆ ಗಳಿಸಿದ್ದು ಕರಗುತ್ತದೆ. ಆಗಲೂ ವಾರಕ್ಕೆ ಒಂದೆರಡು ಸಲ ಬೇಕು.

ಹೆತ್ತವರಿಗೊಂದು ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15–19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇತ್ತು. ಬೇಗ ಏದುಸಿರು ಬರುತ್ತಿದ್ದರೆ ಹಿಮೋಗ್ಲೋಬಿನ್ ನೋಡಿಸಿ. ಸರಿಯಾಗಿ ಆಗುತ್ತಿದ್ದ ಮುಟ್ಟು 3 ತಿಂಗಳು ನಿಂತರೆ ವೈದ್ಯರ ಹತ್ತಿರ ಹೋಗಿ, ಆಡುವಷ್ಟಕ್ಕೆ ತಕ್ಕ ಊಟ ಸಿಗುತ್ತಿಲ್ಲದಿರಬಹುದು. ಮಂಡಿಚಿಪ್ಪಿನ ಕೆಳಗಿನ ಮೂಳೆಯ ಉಬ್ಬು ಮುಟ್ಟಿದರೆ ನೋಯುತ್ತಿದ್ದರೆ ಹಾರುವುದನ್ನು ಕಡಿಮೆ ಮಾಡಿ, ವೈದ್ಯರಿಗೆ ತೋರಿಸಿ. ಮಂಡಿಯಲ್ಲಿ ಟಪ್ ಎಂದು ಸದ್ದಾಗಿ ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ ಅಂದೇ ಆಸ್ಪತ್ರೆ. ಎಣ್ಣೆ ಹಚ್ಚಿ ತಿಕ್ಕಬೇಡಿ, ನಡೆಸಿಯೂ ನೋಡಬೇಡಿ.

6 ವಾರ ಕಳೆದ ಮೇಲೆ ಅದೇ ಗೋಡೆ, ಅದೇ ಶೂ, ದಿನದ ಅದೇ ಹೊತ್ತು. ಹೊಸ ಗುರುತಿನ ಪಕ್ಕ ತಾರೀಕು ಬರೆಯಿರಿ. ಹಳೆಯ ವೀಡಿಯೊ, ಹೊಸ ವೀಡಿಯೊ ಎರಡನ್ನೂ ಹುಡುಗಿಯ ಕೈಗೇ ಕೊಡಿ, ಟೇಪಿನ ಚೂರು ಈಗ ಎಲ್ಲಿದೆ ಎಂದು ಅವಳೇ ಹೇಳಲಿ.

ನಮಸ್ಕಾರ.